ಉಂಡೆ ಕಾಯ್ದ ಗುರುತ್ವಕೇಂದ್ರ

"ಈ ಸಲ ನೈವೇದ್ಯಕ್ಕೆ ಮೊದಲು ಬೆಕ್ಕು ಒಂದೇ ಒಂದು ಉಂಡೆಗೆ ಬಾಯಿ ಹಾಕಲಿ, ನಾನು ಲೆಕ್ಕದ ಮೇಷ್ಟ್ರೇ ಅಲ್ಲ!"

ನಂಗವಳ್ಳಿಯ ವ್ಯಾಸರಾಜ ಮೇಷ್ಟ್ರು ಹೆಂಡತಿಯ ಮುಂದೆ ಹೀಗೆ ಗುಡುಗಿದ್ದು ಎಪ್ಪತ್ತೆರಡರ ಗೋಕುಲಾಷ್ಟಮಿಯ ಬೆಳಿಗ್ಗೆ. ಹೋದ ವರ್ಷ ದೇವರಿಗಿಂತ ಮೊದಲೇ ಡಬ್ಬಿ ಬರಿದಾಗಿ, ಪಾಪ, ಕಮಲಿನಿ ಮತ್ತೆ ಮಡಿಯುಟ್ಟು ಅಷ್ಟೂ ಉಂಡೆ ಕಟ್ಟಿದ್ದಳು. ಅಪವಾದ ಬೆಕ್ಕಿನ ತಲೆಗೆ. ಹೊರಿಸಿದವರು ಮೇಷ್ಟ್ರು!

ಅಡುಗೆಮನೆಯ ನೆಲದ ತುಂಬ ಸೀಮೆಸುಣ್ಣದ ಚೌಕಳಿ ಎದ್ದಿತು. ನಡುವೆ ಒಂದು ಮುಮ್ಮೂಲೆ ಹಲಗೆ.

"ಈಗ್ತಾನೇ ಒರೆಸಿದ ನೆಲಾರೀ ಅದು!"

"ನೆಲ ಅಲ್ವೇ, ಗ್ರಾಫು! ಈ ಮೂಲೆ ಸೊನ್ನೆ, ಸೊನ್ನೆ. ಇದು ಮೂವತ್ತು, ಸೊನ್ನೆ. ಅದು ಹನ್ನೆರಡು, ಹದಿನೆಂಟು. ಅಡ್ಡದ ಅಂಗುಲ ಮೂರೂ ಕೂಡಿ ಮೂರರಿಂದ ಭಾಗಿಸು, ಹದಿನಾಲ್ಕು. ಮೇಲಿನದ್ದೂ ಹಾಗೇ, ಆರು. ಅಲ್ಲೇ ಗುರುತ್ವಕೇಂದ್ರ! ಅಲ್ಲಿ ತೂತು ಕೊರೆದು ಒಂದೇ ಹಗ್ಗದಲ್ಲಿ ತೂಗುಹಾಕಿದ್ರೆ ಹಲಗೆ ಮಟ್ಟಸವಾಗಿ ನಿಲ್ಲುತ್ತೆ."

ಬೈರಿಗೆ ಕೊಡಲು ಬಂದ ಪಕ್ಕದ ಮನೆಯ ಕುರಿ ಮಾದಯ್ಯ ಹಲಗೆಯನ್ನು ಹೆಬ್ಬೆರಳ ಮೇಲೆ ಅತ್ತಿತ್ತ ಸರಿಸಿ ನಿಲ್ಲಿಸಿಯೇ ಬಿಟ್ಟ.

"ನಡುಮಧ್ಯ ಇಲ್ಲೇ ಐತೆ ಸಾಮಿ. ಇದ್ಕೆ ಯಾಕೆ ಇಷ್ಟೊಂದು ಲೆಕ್ಕ, ಕಣಕ್ಕು?"

ಮೇಷ್ಟ್ರು ಅಳೆದರು. ಹದಿನಾಲ್ಕು, ಆರು! "ನೋಡಿದೆಯಾ ಕಮಲೂ! ಮಾದಯ್ಯನ ಹೆಬ್ಬೆರಳೂ ನನ್ನ ಲೆಕ್ಕ ಒಪ್ಪಿತು!"

ತೊಲೆಯಿಂದ ಹಲಗೆ ಇಳಿಬಿತ್ತು. ಮೂರು ಮೂಲೆಗೂ ಸಮ ತೂಕದ ಒಂದೊಂದು ಉಂಡೆ ಡಬ್ಬಿ ನೇತಾಡಿತು. ಹಲಗೆ ಕದಲಲಿಲ್ಲ. ಬೆಕ್ಕು ಕೆಳಗೆ ಕೂತು ಮೇಲೆ ನೋಡಿತು, ಆಕಳಿಸಿತು, ಹೊರಟುಹೋಯಿತು. ಮೇಷ್ಟ್ರ ಎದೆ ಎರಡಂಗುಲ ಉಬ್ಬಿತು. ಕಮಲಿನಿಯೂ ಮೆಚ್ಚಿ ನಕ್ಕು, ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಬಂದು ನೋಡಿದರೆ ಹಲಗೆಯ ಒಂದು ಮೂಲೆ ಮೇಲೆದ್ದಿದೆ!

"ಏನ್ರೀ ಇದು? ವಾಲಿಬಿಟ್ಟಿದೆ. ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ."

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಹದಿನೇಳು ವರ್ಷದ ಸರ್ವೀಸಿನಲ್ಲಿ ಯಾರೂ ಆಡದ ಮಾತು!

"ನನ್ನ ಲೆಕ್ಕ ತಪ್ಪೋದೇ? ಮೂರು ಡಬ್ಬೀನೂ ಸಮ ಇದ್ರೆ ಕೂದಲೆಳೆಯಷ್ಟೂ ವಾಲಲ್ಲ. ಎರಡೇ ಎರಡು ಉಂಡೆ ತೆಗೆದಿದ್ದಕ್ಕೆ ಎಷ್ಟು ಚೊಕ್ಕವಾಗಿ ತೋರಿಸ್ತಿದೆ ನೋಡು!"

ಕಮಲಿನಿ ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು.

"ಎರಡೇ ಅಂತ ಬೆಕ್ಕು ಬಂದು ನಿಮ್ಮ ಹತ್ರ ಹೇಳ್ತಾ?"

ಮೀಸಲು ಕೆಟ್ಟ ಉಂಡೆ ದೇವರಿಗೆ ಸಲ್ಲದಲ್ಲ, ಸಂಜೆ ಮೇಷ್ಟ್ರು ತಲೆಗೆ ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ಒಬ್ಬರೇ ಕೂತು ಮೂರು ಡಬ್ಬಿಗೂ ಹೊಸ ಉಂಡೆ ಕಟ್ಟಿದರು. ಕೊನೆಯ ಡಬ್ಬಿ ತೂಗುಹಾಕಿದಾಗ ಹಲಗೆ ಮತ್ತೆ ಮಟ್ಟಸವಾಯಿತು. ಬೆವರೊರೆಸಿಕೊಂಡರೂ ಅವರಿಗೆ ಹಿಗ್ಗು ತಡೆಯಲಿಲ್ಲ.

"ಏನೇ ಹೇಳು, ಲೆಕ್ಕ ಸರಿಯಾಗಿತ್ತು ತಾನೇ?"

"ಸರಿಯಾಗಿತ್ತು," ಎಂದಳು ಕಮಲಿನಿ. "ಅದಕ್ಕೇ ಸಿಕ್ಕಿಬಿದ್ರಿ."