ಕೋಚಮ್ಮನ ಒಂದೇ ಒಂದು ಗೆಲುವು

ನಮ್ಮ ಕಾಲೇಜಿನಲ್ಲಿ ಯಾವುದನ್ನಾದರೂ ಮುಚ್ಚುವ ಮೊದಲು ಅದಕ್ಕೊಬ್ಬ ಹೊಸ ಮುಖ್ಯಸ್ಥರನ್ನು ನೇಮಿಸುವುದು ಪದ್ಧತಿ. ಕ್ಯಾಂಟೀನಿಗೆ ಹಾಗೇ ಆಯಿತು, ಪುಸ್ತಕದಂಗಡಿಗೂ ಹಾಗೇ ಆಯಿತು. ಆದ್ದರಿಂದ ಬೇಸ್‌ಬಾಲ್ ತಂಡಕ್ಕೆ ಹೊಸ ಕೋಚ್ ಬರುತ್ತಾರೆಂದು ತಿಳಿದಾಗ, ವಾನ್ ಎಂಬ ಪರದೇಶದ ಊರಿನ ಗೋದಾಮುಗಳ ನಡುವೆ ಇರುವ ನಮ್ಮ ಪುಟ್ಟ ಕಾಲೇಜಿನಲ್ಲಿ ಯಾರೂ ಅಭಿನಂದನೆ ಹೇಳಲಿಲ್ಲ. ನಾನು ಅಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಲ್ಯಾಬಿಗೆ ಇದುವರೆಗೆ ಹೊಸ ಮುಖ್ಯಸ್ಥರು ಬಂದಿಲ್ಲ, ದೇವರ ದಯೆ.

ಬಂದವರು ಐವತ್ತು ದಾಟಿದ ಹೆಂಗಸು. ಹತ್ತಿರದ ಮಿಲ್ಟನ್ ಊರಿನ ಶಾಲೆಯೊಂದರಲ್ಲಿ ಆಟದ ಟೀಚರಾಗಿ ಬಹಳ ವರ್ಷ ಮಕ್ಕಳನ್ನು ಓಡಿಸಿದ್ದರು. ಒಂದು ಕಾಲೇಜು ತಂಡವನ್ನು ಕಟ್ಟಬೇಕೆಂಬುದು ಅವರ ಹಳೆಯ ಆಸೆ. ನಮ್ಮನ್ನು ಬಿಟ್ಟು ಬೇರಾರೂ ಅವರನ್ನು ಕರೆದಿರಲಿಲ್ಲ. ನಮ್ಮ ತಂಡ ಮೂರು ವರ್ಷದಿಂದ ಒಂದೂ ಮ್ಯಾಚ್ ಗೆದ್ದಿರಲಿಲ್ಲ. ಕಾಲೇಜಿನ ಡೈರೆಕ್ಟರು ಮೊದಲ ದಿನವೇ ಹೇಳಿಬಿಟ್ಟರು: "ಈ ಸೀಸನ್ನಿನಲ್ಲಿ ಒಂದೇ ಒಂದು ಮ್ಯಾಚ್ ಗೆದ್ದರೆ ತಂಡ ಉಳಿಯುತ್ತದೆ. ಇಲ್ಲದಿದ್ದರೆ ಮೈದಾನ ಕಾರ್ ಪಾರ್ಕಿಂಗ್ ಆಗುತ್ತದೆ."

ಒಂಬತ್ತು ಜನ

ಬೇಸ್‌ಬಾಲಿಗೆ ಒಂಬತ್ತು ಜನ ಬೇಕು. ಹೊಸ ಕೋಚ್ ಬಳಿ ಇದ್ದವರು ಆರು. ಉಳಿದ ಮೂವರನ್ನು ಹುಡುಕಿಕೊಂಡು ಅವರು ನನ್ನ ಲ್ಯಾಬಿಗೆ ಬಂದರು.

"ಇಲ್ಲಿ ಕ್ಯಾಚ್ ಹಿಡಿಯುವವರು ಯಾರಾದರೂ ಇದ್ದಾರೆಯೇ?"

"ಗೊತ್ತಿಲ್ಲ ಮೇಡಂ. ಇಲ್ಲಿ ಎಲ್ಲರೂ ಕೂತೇ ಇರುತ್ತಾರೆ."

ಅವರು ಜೇಬಿನಿಂದ ಚೆಂಡು ತೆಗೆದು, ಹೇಳದೆ ಕೇಳದೆ ಮೂರನೆಯ ಸಾಲಿಗೆ ಎಸೆದರು. ಅಲ್ಲಿ ಕೂತಿದ್ದ ಉಡುಪಿಯ ವಿದ್ಯಾರ್ಥಿಯೊಬ್ಬ ಅದನ್ನು ಎಡಗೈಯಲ್ಲಿ ಹಿಡಿದ. ಬಲಗೈ ಮೌಸ್ ಬಿಟ್ಟಿರಲಿಲ್ಲ.

"ಎಲ್ಲಿ ಕಲಿತೆ?"

"ಊರಲ್ಲಿ, ಕೋಚ್. ಕ್ರಿಕೆಟ್."

"ಒಳ್ಳೆಯ ಗುರು ಸಿಕ್ಕಿರಬೇಕು."

"ಗುರು ಇರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗದ ಹಿಂದೆ ಹೆಡ್‌ಮಾಸ್ಟರ ಮನೆಯ ಕಿಟಕಿ ಇತ್ತು."

ಬ್ಯಾಟಿಗೆ ಕಾಲು ತಗುಲಿದ್ದು

ಅವನ ಜೊತೆ ಒಂದೇ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಮೈಸೂರಿನ ಇಬ್ಬರೂ ಸೇರಿ ತಂಡ ಪೂರ್ತಿಯಾಯಿತು. ಈ ಮೂವರಿಗೆ ಅವರನ್ನು ಕೋಚ್ ಎಂದಷ್ಟೇ ಕರೆಯಲು ಮನಸ್ಸು ಬಾರದೆ, ತಮ್ಮತಮ್ಮಲ್ಲಿ 'ಕೋಚಮ್ಮ' ಎನ್ನತೊಡಗಿದರು. ನಾನು ಇಂಡಿಯಾದವನು, ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಕೋಚಮ್ಮ ನನ್ನನ್ನು ಸ್ಕೋರರ್ ಮಾಡಿದರು. ಹೈಸ್ಕೂಲಿನ ನನ್ನ ಮಾರ್ಕ್ಸ್‌ಕಾರ್ಡ್ ಅವರು ನೋಡಿರಲಿಲ್ಲ.

ಬೇಸ್‌ಬಾಲಿನಲ್ಲಿ ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ, ಚೆಂಡಿಗಿಂತ ಮೊದಲು ಬೇಸ್ ಎಂಬ ಮೆತ್ತೆ ಮುಟ್ಟಲು ಓಡಬೇಕು. ಮೊದಲ ಮ್ಯಾಚಿನಲ್ಲಿ ಮೈಸೂರಿನವರಲ್ಲೊಬ್ಬ ಚೆನ್ನಾಗಿ ಹೊಡೆದ. ಬ್ಯಾಟನ್ನೂ ಬಿಸಾಡಿದ. ಓಡಲು ಹೊರಟಾಗ ಅದಕ್ಕೆ ಕಾಲು ತಗುಲಿತು. ನಾಲ್ಕು ಹೆಜ್ಜೆ ಹೋದವನು ನಿಂತ, ಹಿಂದಕ್ಕೆ ಬಂದ, ಬಗ್ಗಿ ಬ್ಯಾಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಓಡಿದ. ಚೆಂಡು ಆಗಲೇ ಮೊದಲ ಬೇಸ್ ತಲುಪಿ ಅವನಿಗಾಗಿ ಕಾಯುತ್ತಿತ್ತು.

"ಏನು ಬೀಳಿಸಿಕೊಂಡೆ?" ಕೋಚಮ್ಮ ಕೇಳಿದರು.

"ಏನಿಲ್ಲ ಕೋಚ್. ಕಾಲು ತಗುಲಿತು, ಕ್ಷಮೆ ಕೇಳಿದೆ."

"ಯಾರನ್ನು?"

"ಬ್ಯಾಟನ್ನು."

ಅವರು ನನ್ನ ಮುಖ ನೋಡಿದರು. ಪುಸ್ತಕಕ್ಕೆ, ಕೆಲಸದ ಸಾಮಾನಿಗೆ ಕಾಲು ತಾಕಿಸಬಾರದು, ತಾಕಿದರೆ ಹೀಗೆ ಮಾಡುತ್ತೇವೆ ಎಂದು ವಿವರಿಸಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಓಡಿ ಮುಗಿಸಿದ ಮೇಲೆ ಕೇಳಿದರೆ ಬ್ಯಾಟಿಗೆ ಬೇಸರವಾಗುತ್ತದೆಯೇ?" ಎಂದರು. ಹುಡುಗನೂ ಯೋಚಿಸಿ, "ಇಲ್ಲ, ಅಷ್ಟು ಹೊತ್ತು ತಡೆದುಕೊಳ್ಳುತ್ತದೆ" ಎಂದ.

ಮುಂದಿನ ವಾರ ಅಭ್ಯಾಸಕ್ಕೆ ಸಾಮಾನು ತೆಗೆದಿಡುವಾಗ ಕೋಚಮ್ಮನ ಬೂಟು ಒಂದು ಬ್ಯಾಟಿಗೆ ತಗುಲಿತು. ಯಾರೂ ನೋಡುತ್ತಿಲ್ಲವೆಂದುಕೊಂಡು ಬಗ್ಗಿ, ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ಕನ್ನಡಕ ತೆಗೆಯಲು ಮರೆತಿದ್ದರಿಂದ, ಉಳಿದ ಅಭ್ಯಾಸವನ್ನೆಲ್ಲ ಬೆರಳುಗಳ ಗುರುತಿನ ಮೂಲಕವೇ ನೋಡಿದರು.

ಕೋಡುಬಳೆ

ಈ ಆಟದವರು ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತಾರೆ. ನಮ್ಮವರಿಗೆ ಕೋಚಮ್ಮನ ಎದುರು ಉಗುಳಲು ನಾಚಿಕೆ. ಇದು ತಿಳಿದ ನನ್ನ ಹೆಂಡತಿ ಥಾರ್ನ್‌ಹಿಲ್‌ನ ನಮ್ಮ ಮನೆಯಿಂದ ಒಂದು ಡಬ್ಬಿ ಕೋಡುಬಳೆ ಕಳಿಸಿದಳು. "ಪಾಪ, ಸೋಲೋದಂತೂ ಸೋಲ್ತಾರೆ, ಹಸ್ಕೊಂಡು ಯಾಕ್ರೀ ಸೋಲ್ಬೇಕು?"

ಕೊನೆಯದಕ್ಕೂ ಹಿಂದಿನ ಮ್ಯಾಚಿನಲ್ಲಿ ಎದುರಾಳಿ ಹುಡುಗ ಚೆಂಡು ಎಸೆಯಲು ಕೈಯೆತ್ತಿದಾಗಲೆಲ್ಲ ನಮ್ಮ ಬೆಂಚಿನಿಂದ ಕಟುಂ ಎಂದು ಸದ್ದು. ಅವನು ಎರಡು ಸಲ ತಡೆದುಕೊಂಡ, ಮೂರನೆಯ ಸಲ ದೂರು ಕೊಟ್ಟ. ಇದೇನು ಗುಟ್ಟಿನ ಸಂಕೇತವೋ ಎಂದು ವಿಚಾರಿಸಲು ಅಂಪೈರ್ ಬಂದರು. ಕೋಚಮ್ಮ ಡಬ್ಬಿಯ ಮುಚ್ಚಳ ತೆರೆದು ಅವರ ಮುಂದೆ ಹಿಡಿದರು.

ಆ ದಿನವೂ ಸೋತೆವು, ಆದರೆ ಒಂದೇ ರನ್ನಿನಿಂದ. ಇನ್ನುಳಿದದ್ದು ಒಂದು ಮ್ಯಾಚ್. ಅಂಪೈರ್ ನ್ಯಾಯವಂತರು, ಕೋಡುಬಳೆ ನಿಯಮಬಾಹಿರವಲ್ಲ ಎಂದರು. ಮುಂದಿನ ಮೂರು ತೀರ್ಪುಗಳನ್ನು ಮಾತ್ರ, ಬಾಯಿ ಬಿಡುವಂತಿರಲಿಲ್ಲವಾದ್ದರಿಂದ, ಕೈಸನ್ನೆಯಲ್ಲೇ ಕೊಟ್ಟರು.

ಪರವಾಗಿಲ್ಲ

ಕೊನೆಯ ಮ್ಯಾಚ್ ನಮ್ಮ ಮೈದಾನದಲ್ಲೇ. ಡೈರೆಕ್ಟರು ಬಂದಿದ್ದರು, ಅವರ ಜೊತೆ ಅಳತೆ ಟೇಪು ಹಿಡಿದ ಒಬ್ಬರು. ಕೋಚಮ್ಮ ಟೇಪನ್ನು ನೋಡಿದರು. ಹುಡುಗರನ್ನು ಕರೆದು, "ಇವತ್ತು ಏನೇ ಆಗಲಿ, ನಾನು ಕಟ್ಟಬೇಕೆಂದಿದ್ದ ತಂಡ ಇದೇ" ಎಂದರು. ಆಮೇಲೆ ಅತ್ತ ತಿರುಗಿ ಮೂಗು ಒರೆಸಿಕೊಂಡರು. ಅಕ್ಟೋಬರಿನ ಗಾಳಿ ಹಾಗೇ ಇರುತ್ತದೆ.

ಆಟದ ಕೊನೆಯ ಸರದಿ. ಸ್ಕೋರು ಸಮ. ನಮ್ಮವರು ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಸರದಿ ಮುಗಿದಂತೆ; ಮೂವರು ಮೂರು ಬೇಸ್‌ಗಳ ಮೇಲೆ ನಿಂತಿದ್ದರು, ಬ್ಯಾಟು ಉಡುಪಿಯ ಹುಡುಗನ ಕೈಯಲ್ಲಿತ್ತು. ಒಂದು ರನ್ ಸಾಕು. ಎಸೆದ ಚೆಂಡು ನೇರ ಬಂದು ಅವನ ತೊಡೆಗೆ ಬಡಿಯಿತು.

ಇಲ್ಲೊಂದು ನಿಯಮವಿದೆ. ಚೆಂಡು ಮೈಗೆ ಬಡಿದರೆ ಬ್ಯಾಟ್ ಹಿಡಿದವನು ಆರಾಮವಾಗಿ ನಡೆದು ಮೊದಲ ಬೇಸ್‌ಗೆ ಹೋಗಬಹುದು. ಬೇಸ್‌ಗಳ ಮೇಲಿದ್ದವರೆಲ್ಲ ಒಂದೊಂದು ಬೇಸ್ ಮುಂದೆ ಸರಿಯುತ್ತಾರೆ, ಕೊನೆಯವನು ಬ್ಯಾಟ್ ಹಿಡಿಯುವ ಜಾಗಕ್ಕೆ ಮರಳಿ ಒಂದು ರನ್. ಅಂದರೆ ನಾವು ಗೆದ್ದಂತೆ. ಆದರೆ ಪೆಟ್ಟು ತಿಂದವನು ಹೋಗಿ ಬೇಸ್ ಮುಟ್ಟಲೇಬೇಕು. ಹೋಗುವುದಿಲ್ಲವೆಂದು ನಿಂತರೆ ಅವನೇ ಔಟು, ರನ್ನೂ ಇಲ್ಲ. ಸ್ಕೋರರ್ ಆದ ತಪ್ಪಿಗೆ ನಾನು ನಿಯಮದ ಪುಸ್ತಕ ಓದಿದ್ದೆ. ಅವನು ಓದಿರಲಿಲ್ಲ.

ಎಸೆದ ಹುಡುಗ ಸಾರಿ ಎಂದ. ನಮ್ಮವನು ಕೈಯೆತ್ತಿ, "ಪರವಾಗಿಲ್ಲ, ಪರವಾಗಿಲ್ಲ" ಎಂದು ಕನ್ನಡದಲ್ಲೇ ಸಮಾಧಾನ ಹೇಳಿ, ತೊಡೆ ಉಜ್ಜಿಕೊಂಡು, ಮತ್ತೆ ಬ್ಯಾಟ್ ಹಿಡಿದು ನಿಂತ. ಅಂಪೈರ್ ಮೊದಲ ಬೇಸ್ ಕಡೆ ಕೈ ತೋರಿಸಿದರು. ಅದರ ಹಿಂದೆಯೇ ಫಸ್ಟ್ ಏಡ್ ಮೇಜಿತ್ತು.

"ನೋ ನೋ ಸರ್, ಬೇಡ, ಐ ಆಮ್ ಫೈನ್."

"ಗೋ! ಗೋ!" ಕೋಚಮ್ಮ ಕೂಗಿದರು.

"ಸ್ವಲ್ಪವೂ ನೋವಿಲ್ಲ, ಕೋಚ್!" ಎಂದು ಅವನು ನಂಬಿಕೆ ಬರಲೆಂದು ಅದೇ ಕಾಲಿನಲ್ಲಿ ಎರಡು ಸಲ ಕುಪ್ಪಳಿಸಿ ತೋರಿಸಿದ.

ಅಂಪೈರ್ ಇನ್ನೊಂದು ಸಲ ಕೈ ತೋರಿಸಿ, ಇದೇ ಕೊನೆ ಎಂದರು. ನಾನು ಸ್ಕೋರ್ ಪುಸ್ತಕ ಬಿಟ್ಟು ಎದ್ದೆ.

"ಏಯ್ ಮಾರಾಯ, ಹೋಗಿ ಬೇಸ್ ಮುಟ್ಟೋ!"

"ಎಂಥ ಸಾ ಆಗ್ಲಿಲ್ಲ ಅಂಕಲ್, ನೀವು ಹೆದರ್ಬೇಡಿ!"

"ನಿನ್ ಕಾಲಿಗಲ್ವೋ! ಮುಟ್ಟಿದ್ರೆ ಗೆದ್ವಿ!"

"ಹೌದಾ? ಮೊದ್ಲೇ ಹೇಳೂದಲ್ವಾ!"

ಅವನು ಓಡಿದ ಓಟದಲ್ಲಿ ಬೇಸ್ ಮುಟ್ಟಿ, ಫಸ್ಟ್ ಏಡ್ ಮೇಜನ್ನೂ ಮುಟ್ಟಿ, ಬೇಲಿಯ ಹತ್ತಿರ ನಿಂತ. ಕೋಚಮ್ಮ ಅವನ ಹಿಂದೆಯೇ ಓಡಿ ತಬ್ಬಿಕೊಂಡರು. ಅವರ ಹಿಂದೆ ಇಡೀ ತಂಡ.

ಡೈರೆಕ್ಟರು ಅಷ್ಟು ಹೊತ್ತೂ ಟೇಪಿನವರ ಜೊತೆ ಮಾತಾಡುತ್ತಿದ್ದವರು, ಗದ್ದಲ ಕೇಳಿ ಬಂದು ಕೈಕುಲುಕಿದರು. ಮಾತೆಂದರೆ ಮಾತು, ತಂಡ ಉಳಿಯಿತು ಎಂದರು. "ಗೆಲುವಿನ ಹೊಡೆತ ಹೊಡೆದವರು ಯಾರು?" ಎಂದು ಕೇಳಿದರು. ಕೋಚಮ್ಮ ಕಣ್ಣೊರೆಸಿಕೊಳ್ಳುತ್ತಲೇ ಉಡುಪಿಯ ಹುಡುಗನನ್ನು ಮುಂದಕ್ಕೆ ತಳ್ಳಿದರು. ಅವನು ತೊಡೆಯ ಮೇಲೆ ಐಸ್ ಇಟ್ಟುಕೊಂಡು ವಿನಯದಿಂದ ಹೇಳಿದ:

"ಹೊಡೆದದ್ದು ಎದುರು ತಂಡದವರು ಸರ್. ನಾನು ಹೊಡೆಸಿಕೊಂಡದ್ದು."