ಎಣ್ಣೆಯಲ್ಲಿ ಉಬ್ಬುವ, ಹಬೆಯಲ್ಲಿ ಬಿರಿಯುವ ತಮ್ಮ ‘ಸಕಲಗುಣ’ ರಬ್ಬರಿನ ಬಗ್ಗೆ

ಪರಮಮಾನ್ಯರೂ, ಎಳೆದಷ್ಟೂ ಹಿಗ್ಗುವ ಸಹನೆಯುಳ್ಳವರೂ ಆದ ‘ಸಕಲಗುಣ’ ರಬ್ಬರ್ ಕಂಪನಿಯ ಪ್ರಧಾನ ವ್ಯವಸ್ಥಾಪಕರ ಸನ್ನಿಧಿಗೆ, ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುವ ಲಾಂಡ್ರಿಯೊಂದರ ಸೊಸೆಯಾದ ನಾನು ಕೈಜೋಡಿಸಿ ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಸ್ವಂತ ಕಾರಿಗೆ ತಮ್ಮ ಕಂಪನಿಯ ಪೈಪನ್ನು ಹಾಕಿಸಿಕೊಂಡಿರಲಾರಿರಿ ಎಂಬುದೇ ಆ ನಂಬಿಕೆಗೆ ಆಧಾರ. ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಇರಾದೆ ನನಗಿಲ್ಲ, ಆದರೆ ನಮ್ಮ ಸಮಯವನ್ನು ತಾವು ಅಷ್ಟೊಂದು ಮುತುವರ್ಜಿಯಿಂದ ಹಾಳುಮಾಡಿರುವಾಗ ಸುಮ್ಮನಿರುವುದು ಕೃತಘ್ನತೆಯಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಲಾಂಡ್ರಿಯಲ್ಲಿ ಇರುವುದು ಮೂವರು. ಹಬೆ ಯಂತ್ರದ ಮುಂದೆ ನಿಂತು ಇಡೀ ಅಂಗಡಿಯನ್ನು ಆಳುವವರು ನಮ್ಮ ಅತ್ತೆ, ವ್ಯಾನಿನಲ್ಲಿ ಬಟ್ಟೆ ತಂದು ಕೊಟ್ಟು ಬರುವವರು ನನ್ನ ಯಜಮಾನರು, ಉಳಿದದ್ದೆಲ್ಲವನ್ನೂ ಮಾಡಿ ಬೈಸಿಕೊಳ್ಳುವವಳು ನಾನು. ಹಬೆ ಯಂತ್ರದ ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ ಸವೆದು, ವ್ಯಾನಿನ ಡೀಸೆಲ್ ಪೈಪೂ ಹಳತಾಗಿದ್ದ ಸುಮುಹೂರ್ತದಲ್ಲಿ ತಮ್ಮ ಮಾರಾಟ ಪ್ರತಿನಿಧಿ ನಮ್ಮ ಹೊಸ್ತಿಲು ತುಳಿದರು. ಕೃತಕ ರಬ್ಬರಿನ ಆ ಕಪ್ಪು ಪಟ್ಟಿಯನ್ನು ಎರಡೂ ಕೈಯಲ್ಲಿ ಮಾರುದ್ದ ಎಳೆದು, ಪಟ್ ಎಂದು ಬಿಟ್ಟು, ಅತ್ತೆಯ ಮುಂದೆ ಅವರು ಆಡಿದ ಮಾತು ನನಗೆ ಈಗಲೂ ಬಾಯಿಪಾಠವಾಗಿದೆ.

“ನೋಡಿ ಅಮ್ಮಾ, ಇದು ಮರದ ಹಾಲಿನ ರಬ್ಬರ್ ಅಲ್ಲ, ಫ್ಯಾಕ್ಟರಿಯಲ್ಲೇ ಹುಟ್ಟಿದ್ದು. ಬಿಸಿಲು, ಹಬೆ, ಆಸಿಡ್, ಎಣ್ಣೆ, ಯಾವುದಕ್ಕೂ ಜಗ್ಗಲ್ಲ. ಒಂದು ಸೆಟ್ ತಗೊಳ್ಳಿ, ಪೈಪೂ ಇದೆ, ಪಟ್ಟಿನೂ ಇದೆ, ವಾಷರೂ ಇದೆ.”

“ಯಾವುದಕ್ಕೂ ಜಗ್ಗಲ್ವಾ?” ಎಂದು ಅತ್ತೆ ನನ್ನ ಕಡೆ ಒಮ್ಮೆ ನೋಡಿ, “ನಮ್ಮನೇಲಿ ಅಂಥದ್ದು ಒಂದಾದ್ರೂ ಇರ್ಲಿ” ಎಂದು ಸೆಟ್ಟನ್ನು ಕೊಂಡರು.

ಸತ್ಯ ಹೇಳಬೇಕು ಮಾನ್ಯರೇ, ಬಾಗಿಲಿನ ಪಟ್ಟಿ ಬಂಗಾರದಂಥದ್ದು. ಹಬೆ ಎಷ್ಟು ಉಗುಳಿದರೂ ಮೆತ್ತಗೆ, ನಿಯತ್ತಾಗಿ ಬಾಗಿಲನ್ನು ಅಪ್ಪಿಕೊಂಡು ಕುಳಿತಿತ್ತು. ಆ ಧೈರ್ಯದಲ್ಲೇ ನಾವು ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಅದೇ ರಬ್ಬರಿನ ಪೈಪು ಡೀಸೆಲ್ ಕುಡಿದು ಕುಡಿದು, ನೆಂಟರ ಮನೆಗೆ ಬಂದು ಏಳಲೊಲ್ಲದ ಭಾವಮೈದುನನಂತೆ ಮೈ ಬೆಳೆಸಿಕೊಂಡು, ಮೆತ್ತಗಾಗಿ, ಹಿಡಿದಿದ್ದ ಕ್ಲಿಪ್ಪಿನಿಂದ ಜಾರಲು ಸಿದ್ಧವಾಗುತ್ತಿತ್ತು.

ಅದು ಜಾರಿದ್ದು ನ್ಯಾಯಾಲಯದ ಮುಂದಿನ ಏರಿನಲ್ಲಿ. ಊರಿನ ವಕೀಲರ ಕಪ್ಪು ಕೋಟುಗಳೆಲ್ಲ ನಮ್ಮಲ್ಲೇ ಇಸ್ತ್ರಿಯಾಗುತ್ತವೆ. ಅವರ ಕೆಲಸ ಕೈತಪ್ಪಿದರೆ ನಮ್ಮ ಅಂಗಡಿಯ ಬಾಗಿಲು ಮುಚ್ಚಿದಂತೆ. ಕಲಾಪ ಶುರುವಾಗುವ ಹೊತ್ತಿಗೆ ಸರಿಯಾಗಿ ವ್ಯಾನು ಕೆಮ್ಮಿ ನಿಂತಿತು. ಯಜಮಾನರು ವ್ಯಾನಿನ ಕೆಳಗೆ ತೂರಿ ಪೈಪನ್ನು ಬರಿಗೈಯಲ್ಲಿ ಒಳಗೆ ತುರುಕಲು ಹೋಗಿ, ಮೊಣಕೈಯಿಂದ ಕಾಲರಿನವರೆಗೆ ಡೀಸೆಲ್ ಸ್ನಾನ ಮಾಡಿ ಎದ್ದರು. ಬಳಿಕ ಹೊತ್ತಾಯಿತೆಂಬ ಗಾಬರಿಯಲ್ಲಿ ಅದೇ ಕೈ, ಅದೇ ಹೆಗಲ ಮೇಲೆ ಕೋಟುಗಳನ್ನೆಲ್ಲ ಹೇರಿಕೊಂಡು ಓಡಿದರು. ಕಪ್ಪು ಬಟ್ಟೆಯ ದೊಡ್ಡ ಗುಣವೆಂದರೆ ಕಲೆ ಕಾಣುವುದಿಲ್ಲ. ದೊಡ್ಡ ದೋಷವೂ ಅದೇ.

ಗಂಡಸರ ಕೈಗೆ ಒಪ್ಪಿಸಿದ ಬಟ್ಟೆ ಲೆಕ್ಕ ತಪ್ಪುತ್ತದೆಂದು ವ್ಯಾನಿನಲ್ಲಿ ಜೊತೆಗೇ ಹೋಗಿದ್ದ ಅತ್ತೆ ಹಿಂದಿನಿಂದ ಏದುಸಿರು ಬಿಡುತ್ತ ನ್ಯಾಯಾಲಯದ ಜಗಲಿ ಹತ್ತುವಷ್ಟರಲ್ಲಿ ಕೋಟುಗಳು ವಕೀಲರ ಮೈಮೇಲಿದ್ದವು. ಅವರಲ್ಲೊಬ್ಬ ಹಿರಿಯ ವಕೀಲರು, ನೆಗಡಿಯಿಂದ ಮೂಗು ಕಟ್ಟಿದ್ದವರು, ಕಂಬಕ್ಕೆ ಒರಗಿ ಸಿಗರೇಟು ಬಾಯಿಗಿಟ್ಟು ಕಡ್ಡಿ ಗೀರಿದರು. ಅತ್ತೆ ಕೂಗುವ ಗೋಜಿಗೆ ಹೋಗಲಿಲ್ಲ. ನೇರ ಹೋಗಿ ಆ ಕೈಯ ಮೇಲೊಂದು, ಸಿಗರೇಟಿನ ಮೇಲೊಂದು ಬಾರಿಸಿದರು. ಎರಡನೆಯದರ ಅರ್ಧ ವಕೀಲರ ಕೆನ್ನೆಯ ಪಾಲಾಯಿತು.

“ಏನಮ್ಮಾ ಇದು! ಕೋರ್ಟ್ ಆವರಣದಲ್ಲಿ ವಕೀಲನ ಮೇಲೆ ಕೈ ಮಾಡ್ತೀರಾ? ಒಳಗೆ ಹಾಕಿಸ್ತೀನಿ!”

“ಹಾಕಿಸಿ ಸ್ವಾಮಿ, ಆದ್ರೆ ಮೊದ್ಲು ಆ ಕೋಟು ಬಿಚ್ಚಿ. ನೆಗಡಿ ಇಲ್ದೋರ ಹತ್ರ ಒಂದ್ಸಲ ಮೂಸಿಸಿ, ಆಮೇಲೆ ಕಾನೂನು ಹೇಳಿ.”

ಪಕ್ಕದವರು ಮೂಸಿ ಎರಡು ಹೆಜ್ಜೆ ಹಿಂದೆ ಸರಿದರು. ಡೀಸೆಲ್ಲು ಪೆಟ್ರೋಲಿನಷ್ಟು ಚುರುಕಲ್ಲ, ಆದರೆ ಬಟ್ಟೆ ಹೀರಿಕೊಂಡರೆ ದೀಪದ ಬತ್ತಿಯಂತೆ ಹತ್ತಿಕೊಳ್ಳುತ್ತದೆಂದು ಯಾರೋ ಹೇಳಿದರು. ವಕೀಲರು ಕೋಟನ್ನು ಕಿತ್ತೆಸೆದು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅತ್ತೆಯೂ ಕುಳಿತರು. ಮನೆಯಲ್ಲಿ ನನ್ನನ್ನು ಬೈಯದೆ ಒಂದು ಗಳಿಗೆ ಇರದ ಅತ್ತೆ ಅಂದು ಸಂಜೆಯವರೆಗೂ ಪ್ರತಿ ಕೋಟನ್ನೂ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದರು, ಮಾನ್ಯರೇ. ಈ ಒಂದು ವಾಕ್ಯವನ್ನು ಮಾತ್ರ ನಾನು ತಮಾಷೆಗೆ ಬರೆದಿಲ್ಲ. ವಕೀಲರು ಅಂದಿನಿಂದ ಸಿಗರೇಟು ಮುಟ್ಟಿಲ್ಲ. ತಮ್ಮ ರಬ್ಬರಿನ ಉಪಯೋಗಗಳಲ್ಲಿ ‘ಧೂಮಪಾನ ನಿವಾರಣೆ’ಯನ್ನೂ ಸೇರಿಸಿಕೊಂಡು ಜಾಹೀರಾತು ಮಾಡಬಹುದು, ನಮ್ಮ ಅಭ್ಯಂತರವಿಲ್ಲ.

ಕೋಟುಗಳನ್ನೆಲ್ಲ ಮರಳಿ ಒಗೆಯುತ್ತ ನಾನು ತಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಕೊಳಲು, ತಬಲಾ, ಮತ್ತೆ ಕೊಳಲು ಕೇಳಿಸಿದ ಬಳಿಕ ಹುಡುಗಿಯೊಬ್ಬಳು ಮಾತಿಗೆ ಸಿಕ್ಕಳು.

“ಆ ಸೆಟ್ ಇ.ಪಿ.ಡಿ.ಎಂ. ರಬ್ಬರ್ ಮೇಡಂ. ಹಬೆಗೆ, ಬಿಸಿಲಿಗೆ, ಮಳೆಗೆ ತುಂಬಾ ಚೆನ್ನಾಗಿರುತ್ತೆ. ಡೀಸೆಲ್‌ಗೆ ಹಾಕ್ಲೇಬಾರ್ದು, ಉಬ್ಬುತ್ತೆ. ಎಣ್ಣೆ, ಗ್ರೀಸ್‌ಗೆಲ್ಲ ನೈಟ್ರೈಲ್. ಗಾಳಿ ಹಿಡಿದಿಡೋಕೆ ಬ್ಯೂಟೈಲ್. ತೀರಾ ಬಿಸಿ ಅಂದ್ರೆ ಸಿಲಿಕೋನ್. ಎಲ್ಲಕ್ಕೂ ಒಂದೇ ಅಂತ ಯಾರು ಹೇಳಿದ್ದು ನಿಮಗೆ?”

“ನಿಮ್ಮೋರೇ. ಅದರ ಹೆಸರೇ ಸಕಲಗುಣ ಅಲ್ವೇನಮ್ಮಾ?”

“ಅಯ್ಯೋ, ಹೆಸರಿಡೋದು ಮಾರ್ಕೆಟಿಂಗ್‌ನೋರು ಮೇಡಂ, ನಮ್ಮ ವಿಭಾಗ ಅಲ್ಲ.”

ಆ ಹುಡುಗಿಯನ್ನು ದಯಮಾಡಿ ಕೆಲಸದಿಂದ ತೆಗೆಯಬೇಡಿ. ತಮ್ಮ ಇಡೀ ಕಂಪನಿಯಲ್ಲಿ ರಬ್ಬರಿನ ಪರಿಚಯವಿರುವವಳು ಅವಳೊಬ್ಬಳೇ ಎಂದು ತೋರುತ್ತದೆ.

ದೂರಿಗೆ ತಾವು ಸ್ಪಂದಿಸಿದ ವೇಗವನ್ನು ಮೆಚ್ಚಲೇಬೇಕು. ತಮ್ಮ ಮೆಕ್ಯಾನಿಕ್ ಬಂದು ವ್ಯಾನಿನ ಪೈಪು ಬದಲಿಸಿದರು. ಅಷ್ಟಕ್ಕೇ ನಿಲ್ಲದೆ, ನಾನು ಬೇಡ ಬೇಡವೆಂದು ಅಡ್ಡ ನಿಂತರೂ, ಸೆಟ್ ಬದಲಾದರೆ ಪೂರ್ತಿ ಬದಲಾಗಬೇಕೆಂಬ ತಮ್ಮ ನಿಯಮದಂತೆ ಹಬೆ ಯಂತ್ರದ ಬಂಗಾರದಂಥ ಪಟ್ಟಿಯನ್ನೂ ಕಿತ್ತು, ಎಣ್ಣೆಗೆ ಜಗ್ಗದ ಹೊಸ ನೈಟ್ರೈಲ್ ಪಟ್ಟಿಯನ್ನು ಅಲ್ಲಿ ಕೂರಿಸಿ, ಹಳೆಯದನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಈಗ ವ್ಯಾನು ಕುದುರೆಯಂತೆ ಓಡುತ್ತದೆ. ಹಬೆ ಯಂತ್ರದ ಪಟ್ಟಿಯೋ, ಕೆಲವೇ ವಾರಗಳಲ್ಲಿ ಹಿಮ್ಮಡಿಯಂತೆ ಗಟ್ಟಿಯಾಗಿ ಬಿರಿದು, ಆ ಬಿರುಕಿನಿಂದ ಹೊರಟ ಹಬೆ ಯಜಮಾನರ ಮೀಸೆಯ ಬಲಭಾಗವನ್ನು ಇಸ್ತ್ರಿ ಮಾಡಿತು. ಅದರ ಸಿಳ್ಳೆಗೆ ಪಕ್ಕದ ಮನೆಯವರು ರೈಲು ತಪ್ಪಿತೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಮೊದಲಿನ ಪಟ್ಟಿಯೊಂದನ್ನೇ ವಾಪಸು ಕೊಡಿ, ಪೈಪು ಇದೇ ಇರಲಿ ಎಂದು ಕೇಳಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ: “ಸೆಟ್ ಒಡೆಯೋಕೆ ಬರಲ್ಲ ಮೇಡಂ. ಪಟ್ಟಿ ಬೇಕಂದ್ರೆ ಪೈಪನ್ನೂ ಹಳೇದೇ ಹಾಕ್ಕೋಬೇಕು.” ಅಂದರೆ, ಅತ್ತೆ ಬೇಯಬೇಕೋ ವಕೀಲರು ಉರಿಯಬೇಕೋ ಎಂಬ ಆಯ್ಕೆಯನ್ನು ತಾವು ನಮ್ಮ ವಿವೇಚನೆಗೆ ಬಿಟ್ಟಿರಿ. ಗ್ರಾಹಕರ ಸ್ವಾತಂತ್ರ್ಯದ ಬಗ್ಗೆ ತಮಗಿರುವ ಗೌರವ ದೊಡ್ಡದು.

ನಾವು ದಿಕ್ಕು ತೋಚದೆ ಕುಳಿತಿದ್ದಾಗ ಕೈಹಿಡಿದವರು ಅದೇ ವಕೀಲರು. ಅವರ ಭಾವನ ಗ್ಯಾರೇಜಿನಲ್ಲಿ ನಮ್ಮ ಮೊದಲಿನ ಸೆಟ್ಟಿನಂಥದೇ ಇನ್ನೊಂದು ಇ.ಪಿ.ಡಿ.ಎಂ. ಸೆಟ್ ಇತ್ತು. ಪೈಪು ಉಬ್ಬಿ ಹಾಳಾಗಿದ್ದರೂ ಪಟ್ಟಿಯ ಸುರುಳಿಯನ್ನು ಬಿಚ್ಚಿಯೂ ಇರಲಿಲ್ಲ. ಗ್ಯಾರೇಜಿನವರು ಅದನ್ನು ಹೊತ್ತು ತಂದ ಹೊತ್ತಿಗೆ, ಕಿಟಕಿ ಕೂರಿಸುವ ಕಾರ್ಪೆಂಟರ್ ತಮ್ಮ ನೈಟ್ರೈಲ್ ಸೆಟ್ ಹಿಡಿದು ಇಸ್ತ್ರಿ ಬಟ್ಟೆಗೆಂದು ಬಂದಿದ್ದರು. ಅವರು ಕಿಟಕಿಗೆ ಹಾಕಿದ್ದ ನೈಟ್ರೈಲ್ ಪಟ್ಟಿಗಳು ಬಿಸಿಲಿಗೆ ಸೀಳಿಬಿಟ್ಟಿದ್ದವಂತೆ, ಪೈಪು ಮಾತ್ರ ಹೊಸದಾಗಿಯೇ ಇತ್ತು. ಇಬ್ಬರೂ ಒಬ್ಬರ ಕೈಲಿದ್ದದ್ದನ್ನು ಇನ್ನೊಬ್ಬರು ಕತ್ತು ಚಾಚಿ ನೋಡಿದರು.

“ಏನ್ ನೋಡ್ತೀರಿ, ಬದಲಾಯಿಸ್ಕೊಳ್ಳಿ!” ಎಂದರು ಅತ್ತೆ.

ಪೈಪು ಗ್ಯಾರೇಜಿಗೆ ಹೋಯಿತು, ಪಟ್ಟಿಯ ಸುರುಳಿ ಎರಡು ತುಂಡಾಗಿ ಅರ್ಧ ಕಿಟಕಿಗೆ, ಅರ್ಧ ನಮ್ಮ ಹಬೆ ಯಂತ್ರಕ್ಕೆ ಬಂತು. ಅಂದಿನಿಂದ ಆ ಬಾಗಿಲಿನಿಂದ ಒಂದು ಎಳೆ ಹಬೆಯೂ ಹೊರಬಂದಿಲ್ಲ. ಸುದ್ದಿ ಹಬ್ಬಿ ಈಗ ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ ತಮ್ಮ ರಬ್ಬರಿನ ಸಂತೆ ನೆರೆಯುತ್ತದೆ. ಬೇಕರಿಯವರು ಬರುತ್ತಾರೆ, ಸೈಕಲ್ ಅಂಗಡಿಯವರು ಬರುತ್ತಾರೆ, ಎಲ್ಲರ ಚೀಲದಲ್ಲೂ ತಮ್ಮ ಸೆಟ್ಟುಗಳು, ಅರ್ಧ ಸರಿ, ಅರ್ಧ ತಪ್ಪು. ಅತ್ತೆ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಯಾವುದು ಎಣ್ಣೆಯದು, ಯಾವುದು ಹಬೆಯದು ಎಂದು ತೀರ್ಪು ಕೊಡುತ್ತಾರೆ. ಅರ್ಧದಷ್ಟು ತೀರ್ಪುಗಳು ತಪ್ಪಿರುತ್ತವೆ; ಆಗ ನಾನು ಒಳಗೆ ಹೋಗಿ ತಮ್ಮ ಹುಡುಗಿಗೆ ಫೋನ್ ಮಾಡಿ ಬಂದು ಮೆಲ್ಲನೆ ತಿದ್ದುತ್ತೇನೆ.

ಆದ್ದರಿಂದ ಮಾನ್ಯರಲ್ಲಿ ಕೋರಿಕೆ ಇಷ್ಟೇ. ಒಂದೋ ಸೆಟ್ ಒಡೆದು ಮಾರಲು ಅಪ್ಪಣೆ ಕೊಡಿ, ಇಲ್ಲವೇ ಎಣ್ಣೆಗೆ ಉಬ್ಬದ, ಹಬೆಗೆ ಬಿರಿಯದ, ಬಿಸಿಲಿಗೆ ಸೀಳದ, ಅತ್ತೆಯ ಮಾತಿಗೆ ಕರಗದ, ಸೊಸೆಯ ಮೌನಕ್ಕೆ ಹೆದರದ ರಬ್ಬರೊಂದನ್ನು ಮುಂದಿನ ಭಾನುವಾರದೊಳಗೆ ಕಂಡುಹಿಡಿಯಿರಿ. ಅದೂ ಆಗದಿದ್ದರೆ ತಾವೇ ಬಂದು ಒಂದು ದಿನ ಹಬೆ ಯಂತ್ರದ ಬಾಗಿಲನ್ನು ಅಪ್ಪಿಕೊಂಡು ಕುಳಿತುಕೊಳ್ಳಬೇಕು. ಇಷ್ಟೆಲ್ಲ ದೂರುಗಳನ್ನು ಒಳಗೆ ಬಿಡದೆ ತಡೆದಿರುವ ತಮಗಿಂತ ಒಳ್ಳೆಯ ವಾಷರ್ ಸಿಗಲಾರದೆಂಬುದು ನಮ್ಮೆಲ್ಲರ ಒಮ್ಮತದ ಅಭಿಪ್ರಾಯ.

ಇಂತು, ಉಬ್ಬದೆ ಬಿರಿಯದೆ ಉಳಿದಿರುವ
ತಮ್ಮ ವಿಶ್ವಾಸಿ,
ಲಾಂಡ್ರಿಯ ಸೊಸೆ

ತಾ.ಕ.: ಈ ಪತ್ರ ಬರೆಯುತ್ತಿರುವಾಗಲೇ ತಮ್ಮ ಹೊಸ ಪ್ರತಿನಿಧಿಯೊಬ್ಬರು ‘ಮಹಾಸಕಲಗುಣ’ ಎಂಬ ಗುಲಾಬಿ ಬಣ್ಣದ ರಬ್ಬರ್ ಹಿಡಿದು ಬಂದರು. ಅತ್ತೆ ಅವರನ್ನು ಆದರದಿಂದ ಒಳಗೆ ಕೂರಿಸಿ, ಅಂಗಿಗಳನ್ನು ಮಡಿಸಲು ಕೊಟ್ಟಿದ್ದಾರೆ. ಪಾಪ, ಚೆನ್ನಾಗಿ ಮಡಿಸುತ್ತಾರೆ. ವಾಪಸು ಬೇಕಾದಲ್ಲಿ ಆ ಫೋನಿನ ಹುಡುಗಿಯನ್ನು ಕಳುಹಿಸಿ ಬದಲಾಯಿಸಿಕೊಂಡು ಹೋಗತಕ್ಕದ್ದು. ನಮ್ಮಲ್ಲಿ ಬಿಡಿ ಬಿಡಿಯಾಗಿಯೂ ಕೊಡುತ್ತೇವೆ.