ಮೊದಲ ಪಂಕ್ತಿ ಹಂದಿಗಳದ್ದು

ಹೆಬ್ಬೂರಿನ ನಮ್ಮ ಸೋದರಮಾವನ ಮನೆಯಲ್ಲಿ ಊಟಕ್ಕೆ ಮೊದಲ ಪಂಕ್ತಿ ಹಂದಿಗಳದ್ದು! ಎರಡನೆಯದು ನಾಯಿಯದ್ದು. ಮನುಷ್ಯರಿಗೆ ಉಳಿದರೆ ಉಂಟು. ಉತ್ಪ್ರೇಕ್ಷೆ ಅಂದಿರಾ? ಹಾಗಾದರೆ ನೀವು ನಮ್ಮ ಮಾವನನ್ನು ನೋಡಿಲ್ಲ.

ಇಂಥ ಮನೆಗೆ ನಮ್ಮಮ್ಮನನ್ನು ಕಳಿಸಿದ್ದೆ. ಆಪರೇಷನ್ ಆದಮೇಲೆ ಅಮ್ಮ ಊಟವನ್ನೇ ಬಿಟ್ಟಿದ್ದರು. "ತಿಂದರೆ ಉಳೀತಾರೆ" ಎಂದು ಡಾಕ್ಟರು ಹೇಳಿಯೇ ಬಿಟ್ಟಿದ್ದರು. ತುಮಕೂರಿನ ನನ್ನ ಮನೆಯಲ್ಲಿ ಯಾವ ಉಪಾಯವೂ ನಡೆಯಲಿಲ್ಲ, ತಮ್ಮನ ಮನೆಗೆ ಹೋಗ್ತೀನಿ ಎಂದು ಹಟ ಹಿಡಿದರು. ನಾನು ದಿನಾ ಫೋನ್ ಮಾಡಿ "ಅಮ್ಮ ಊಟ ಮಾಡಿದ್ರಾ ಮಾವ?" ಎಂದು ಕೇಳಿದರೆ ಬರುವ ಉತ್ತರವೇನು?

"ರಾಣಿಗೆ ಹೊಟ್ಟೇಲಿ ಹುಳ ಆಗವೆ ಕಣೇ!"

ರಾಣಿ ಎಂದರೆ ಅವರ ಗಬ್ಬದ ಹಂದಿ.

ಮಾವ ತೆಂಗಿನ ತೋಟದ ಮೂಲೆಯಲ್ಲಿ ಹಂದಿ ಶೆಡ್ ಹಾಕಿದಾಗ ನೆಂಟರೆಲ್ಲ ಮೂಗು ಮುಚ್ಚಿಕೊಂಡರು. ಅದೇ ಮೂಗುಗಳು ಭಾನುವಾರ ಕಪ್ಪು ಕವರ್ ಹಿಡಿದು ಹಿತ್ತಲ ಬಾಗಿಲಿಗೆ ಬರುತ್ತವೆ, ಆ ಮಾತು ಬಿಡಿ. ಮಾವನ ತಲೆ ತಿನ್ನುತ್ತಿದ್ದುದು ನೆಂಟರಲ್ಲ, ಹಂದಿಯ ಕರುಳಿನ ಹುಳ. ತಿನ್ನುವುದು ಸರಿಯಾಗಿದ್ದರೆ ಹುಳ ತಾನಾಗಿಯೇ ಗಂಟುಮೂಟೆ ಕಟ್ಟುತ್ತದೆ ಎಂಬುದು ಅವರ ಸಿದ್ಧಾಂತ.

ಗುಬ್ಬಿಯಲ್ಲೊಂದು ಮದುವೆ. ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಮಾವ ನಾಪತ್ತೆ! ಹುಡುಕಿದರೆ ಛತ್ರದ ಹಿಂದೆ ಹಿಂದಿನ ರಾತ್ರಿಯೂಟದ ಎಂಜಲು ಡ್ರಮ್ಮಿನೊಳಗೆ ಇಣುಕುತ್ತಿದ್ದಾರೆ. ಹೆಣ್ಣಿನ ತಂದೆ ಗಾಬರಿಯಿಂದ ಓಡಿ ಬಂದರು.

"ಊಟ ಸರಿಯಾಗಿಲ್ವಾ ಯಜಮಾನ್ರೇ?"

"ಬರೀ ಅನ್ನ, ಬರೀ ಸಿಹಿ. ನಾರು ಅನ್ನೋದೇ ಇಲ್ವಲ್ರೀ! ಇದನ್ನ ನನ್ನ ಹಂದಿಗಾಕಿದ್ರೆ ಹುಳಕ್ಕೆ ಮದ್ವೆ ಊಟ ಆಯ್ತದೆ."

ಆ ಮನೆಯವರು ನಮ್ಮನ್ನು ಮತ್ತೆ ಯಾವ ಶುಭಕಾರ್ಯಕ್ಕೂ ಕರೆದಿಲ್ಲ.

ರಾಣಿಗೆ ಹುಳವಾದ ಮೇಲಂತೂ ಕೇಳಬೇಡಿ. ಚಿಕೋರಿ ಬೇರಿನ ನಾರು ತಿಂದರೆ ಹಂದಿಯ ದೊಡ್ಡ ಕರುಳಿನ ಕೆಲವು ಹುಳ ಕಡಿಮೆಯಾಗುತ್ತವೆ ಎಂದು ಕುಣಿಗಲ್ಲಿನ ಯಾವುದೋ ತರಬೇತಿಯಲ್ಲಿ ಕೇಳಿಸಿಕೊಂಡು ಬಂದರು. ಬಂದವರೇ ಸೀದಾ ತುಮಕೂರಿನ ಕಾಫಿಪುಡಿ ಅಂಗಡಿಗೆ ಹೋದರು. ಜೊತೆಗೆ ನಾನು, ನನ್ನ ಕರ್ಮ!

"ಚಿಕೋರಿ ಎಷ್ಟು ಪರ್ಸೆಂಟ್ ಹಾಕ್ಲಿ ಸಾರ್?" ಎಂದರು ಅಂಗಡಿಯವರು.

"ನೂರು."

"ಹಂಗಾದ್ರೆ ಕಾಫಿ?"

"ಕಾಫಿ ಬ್ಯಾಡ. ಹಂದಿಗೆ ನಿದ್ದೆ ಕೆಡ್ತದೆ."

ರಾಣಿಯನ್ನು ನೋಡಲು ಬಂದ ಪಶುವೈದ್ಯರು ಹಣೆ ಚಚ್ಚಿಕೊಂಡರು. "ಅವರು ಹೇಳಿದ್ದು ಬೇರು ಯಜಮಾನ್ರೇ, ನೀವು ತಂದಿರೋದು ಹುರಿದ ಪುಡಿ! ಮೊದ್ಲು ಹುಳದ ಔಷಧಿ ಹಾಕಿ, ಶೆಡ್ ತೊಳೀರಿ. ಮೇವು ಅದರ ಜೊತೆಗೆ, ಅದರ ಬದಲಿಗಲ್ಲ." ಮಾವ ಮುಖ ಸಿಂಡರಿಸಿಕೊಂಡು ಔಷಧಿ ಹಾಕಿದರು. ಉಳಿದ ಚಿಕೋರಿ ಮನೆಯವರ ಕಾಫಿಗೆ ಬಿತ್ತು. ಆ ಕಾಫಿಯ ರುಚಿ ಕುಡಿದವರನ್ನೇ ಕೇಳಿ.

ಮತ್ತೆ ಫೋನ್ ಮಾಡಿದೆ. "ಅಮ್ಮ ಹೇಗಿದಾರೆ ಮಾವ?"

"ರಾಣಿ ಬೂಸಾ ಪೂರ್ತಿ ತಿಂದ್ಲು ಕಣೇ!"

ನನಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವಳು ಸೊರಗುತ್ತಿದ್ದರೆ ಈ ಮನುಷ್ಯನಿಗೆ ಹಂದಿಯ ಕರುಳೇ ಹೆಚ್ಚಾಯಿತೇ? ಅಮ್ಮನನ್ನು ವಾಪಸ್ ಕರೆತರುವುದೇ ಸರಿ ಎಂದು ಭಾನುವಾರ ಹೆಬ್ಬೂರಿನ ಬಸ್ ಹತ್ತಿದೆ.

ಗೇಟಿನ ಹತ್ತಿರವೇ ಹಂದಿಗಳ ಕಿರುಚಾಟ ಕಿವಿಗೆ ಬಡಿಯಿತು. ಮಧ್ಯಾಹ್ನವಾದರೂ ಅವಕ್ಕೆ ಮೇವು ಬಿದ್ದಿರಲಿಲ್ಲ. ಈ ಮನೆಯಲ್ಲಿ! ಹಿತ್ತಲಿಗೆ ಹೋದರೆ ಶೆಡ್ಡಿನ ಮುಂದೆ ಅಮ್ಮ ಮುದ್ದೆಯ ತಟ್ಟೆ ಹಿಡಿದು ಕೂತಿದ್ದಾರೆ. ಎದುರಿಗೆ ತುಂಬಿದ ಬಕೆಟ್ ಹಿಡಿದು ಮಾವ ನಿಂತಿದ್ದಾರೆ.

"ತಿನ್ನಕ್ಕ. ನೀನು ತಟ್ಟೆ ಖಾಲಿ ಮಾಡೋ ತಂಕ ಇವಕ್ಕೂ ಇಲ್ಲ."

"ಬಸುರಿ ಕಣೋ ಅದು, ಪಾಪಿ! ಮೊದ್ಲು ಅದಕ್ಕೆ ಹಾಕೋ!"

"ದಿನಾ ಹಿಂಗೇ ಬಯ್ತೀಯ, ದಿನಾ ಉಣ್ತೀಯ. ನುಂಗು ಮತ್ತೆ."

ಅಮ್ಮ ಬೈಯುತ್ತಲೇ ಒಂದೊಂದು ತುತ್ತು ನುಂಗಿದರು. ಕೆನ್ನೆ ತುಂಬಿಕೊಂಡಿತ್ತು. ಮಾವ ಮಾತ್ರ ರಾಣಿಯ ಕೂಗು ತಡೆಯಲಾರದೆ ತೆಂಗಿನ ಮರಗಳ ಕಡೆ ಮುಖ ತಿರುಗಿಸಿ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು.

ತಟ್ಟೆ ಖಾಲಿಯಾದದ್ದೇ ತಡ, ಮಾವ ಬಕೆಟ್ ಎತ್ತಿಕೊಂಡು ಶೆಡ್ಡಿಗೆ ಓಡಿದರು.

"ತಪ್ಪಾಯ್ತು ಕಣವ್ವ ರಾಣಿ," ಎನ್ನುತ್ತಿದ್ದರು. "ನಮ್ಮಕ್ಕ ಈಗ ಉಂಡ್ಲು. ಇನ್ನು ನೀನುಣ್ಣು."